ಸಿಂಗಲ್ ಅಂತ ಕೊರಗುವ ಹದಿಹರೆಯದ ಮಕ್ಕಳಿಗೆ ನೆರವಾಗುವುದು ಹೇಗೆ? ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

"ಎಲ್ಲರಿಗೂ ಯಾರಾದರೂ ಇದ್ದಾರೆ, ನನಗೆ ಮಾತ್ರ ಯಾರೂ ಇಲ್ಲ." ಹದಿನಾರು, ಹದಿನೇಳರ ಮಕ್ಕಳ ಈ ಮಾತು ಅಪ್ಪ ಅಮ್ಮನ ಕಿವಿಗೆ ನೇರವಾಗಿ ಬೀಳುವುದು ಅಪರೂಪ. ಅದು ಬೇರೆ ವೇಷದಲ್ಲಿ ಬರುತ್ತದೆ. ಕಾಲೇಜ್ ಡೇಗೆ ಹೋಗಲ್ಲ ಅನ್ನುತ್ತಾರೆ. ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ, ಇಲ್ಲವೇ ಫೋಟೋ ತೆಗೆಯಲು ಬಿಡುವುದೇ ಇಲ್ಲ. ರಾತ್ರಿ ಹನ್ನೆರಡರವರೆಗೆ ಬೇರೆಯವರ ಸ್ಟೇಟಸ್ ನೋಡುತ್ತಾ ಮಲಗಿರುತ್ತಾರೆ. ಏನಾಯ್ತು ಅಂತ ಕೇಳಿದರೆ "ಏನಿಲ್ಲ, ಸುಮ್ನೆ" ಅನ್ನುವ ಉತ್ತರ.

ಪಿಯು ಓದುವ ವಯಸ್ಸಿನ ಮಕ್ಕಳಿರುವ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಅಮ್ಮನಿಗೆ ಮಾತ್ರವಲ್ಲ, ಅಕ್ಕ, ಅಣ್ಣ, ಚಿಕ್ಕಮ್ಮ, ಸೋದರಮಾವನಿಗೂ. ಎಷ್ಟೋ ಸಲ ಈ ವಿಷಯ ಮೊದಲು ತಿಳಿಯುವುದು ಅವರಿಗೇ.

ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೊರಗಿನ ತಳದಲ್ಲಿ ಸಾಮಾನ್ಯವಾಗಿ ಇರುವುದು "ನನ್ನನ್ನು ಯಾರೂ ಬೇಕು ಅಂತ ಆರಿಸಿಕೊಳ್ಳಲಿಲ್ಲ" ಎಂಬ ನೋವು. ಹುಡುಗನೋ ಹುಡುಗಿಯೋ ಇಲ್ಲದಿರುವುದು ಆ ನೋವು ಹೊರಗೆ ಕಾಣುವ ಜಾಗ ಅಷ್ಟೇ. ಹಾಗಾಗಿ "ಓದಿನ ಕಡೆ ಗಮನ ಕೊಡು" ಅಂದರೂ ಅದು ವಾಸಿಯಾಗದು. ಒಂದು ಜೋಡಿ ಸಿಕ್ಕಿಬಿಟ್ಟರೂ ಪೂರ್ತಿ ವಾಸಿಯಾಗುವ ಖಾತ್ರಿಯಿಲ್ಲ. ಮಗುವಿನ ದಿನದಲ್ಲಿ ಅದನ್ನು ನಿಜವಾಗಿ ಬೇಕು ಅನ್ನುವ ಜನ ಹೆಚ್ಚಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಹಂತ 1: ನೋವು ನಿಜ ಅಂತ ಮೊದಲು ನೀವು ನಂಬಿ

ದೊಡ್ಡವರಿಗೆ ಇದು ಚಿಲ್ಲರೆ ವಿಷಯ ಅನ್ನಿಸಬಹುದು. ಮೆದುಳಿಗೆ ಹಾಗಲ್ಲ. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆದಾಡುವ ಸರಳ ಆಟ. ಸ್ವಲ್ಪ ಹೊತ್ತಾದ ಮೇಲೆ ಇಬ್ಬರು ತಮ್ಮತಮ್ಮಲ್ಲೇ ಆಡತೊಡಗುತ್ತಾರೆ, ಮೂರನೆಯವರಿಗೆ ಚೆಂಡೇ ಬರುವುದಿಲ್ಲ. ಇಷ್ಟಕ್ಕೇ ಆ ವ್ಯಕ್ತಿಯ ಮೆದುಳಿನಲ್ಲಿ, ದೈಹಿಕ ನೋವಿನ ಸಂಕಟದಲ್ಲಿ ಕೆಲಸ ಮಾಡುವ ಒಂದು ಭಾಗ ಚುರುಕಾಯಿತು. ಗುರುತು ಪರಿಚಯವಿಲ್ಲದವರ ಜೊತೆಗಿನ ಆಟದಲ್ಲೇ ಹೀಗೆ. ಇನ್ನು ದಿನಾ ಪಕ್ಕದಲ್ಲಿ ಕೂರುವ ಗೆಳತಿ ತನ್ನ ಹುಡುಗನ ಜೊತೆ ಕ್ಯಾಂಟೀನಿಗೆ ಹೋಗಿ, ನಿಮ್ಮ ಮಗಳು ಬೆಂಚಿನಲ್ಲಿ ಒಬ್ಬಳೇ ಟಿಫಿನ್ ಬಾಕ್ಸ್ ತೆರೆದರೆ ಹೇಗಾಗಬೇಡ?

ಹಾಗಾಗಿ ಕೆಲವು ಮಾತುಗಳನ್ನು ಪೂರ್ತಿ ಬಿಟ್ಟುಬಿಡಿ. "ಇದೆಲ್ಲ ಈ ವಯಸ್ಸಲ್ಲಿ ಬೇಕಾ?" "ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ." "ಅಯ್ಯೋ, ನಿನಗೇನು ಕಮ್ಮಿ ಮಾಡಿದ್ದೀವಿ?" ಕೊನೆಯದು ತುಂಬಾ ಪ್ರೀತಿಯಿಂದಲೇ ಬರುವ ಮಾತು. ಆದರೆ ಕೇಳಿದ ಮಗುವಿಗೆ ಕೊರಗಿನ ಜೊತೆ ತಪ್ಪು ಮಾಡಿದ ಭಾವನೆಯೂ ಸೇರಿಕೊಳ್ಳುತ್ತದೆ. ನೆಂಟರ ಮುಂದೆ "ಇವನಿಗೆ ಯಾರೂ ಬೀಳಲಿಲ್ಲ ನೋಡಿ" ಅಂತ ತಮಾಷೆ ಮಾಡುವುದಂತೂ ಬೇಡವೇ ಬೇಡ. ಒಮ್ಮೆ ಹಾಗಾದರೆ ಆ ಮಗು ಮತ್ತೆಂದೂ ನಿಮ್ಮ ಹತ್ತಿರ ಈ ಮಾತು ಎತ್ತಲಿಕ್ಕಿಲ್ಲ.

ಹಂತ 2: ಕೂರಿಸಿ ಕೇಳಬೇಡಿ, ಜೊತೆಗಿದ್ದು ಕೇಳಿ

"ಬಾ ಇಲ್ಲಿ, ನಿನ್ನ ಹತ್ತಿರ ಮಾತಾಡಬೇಕು" ಅಂದ ತಕ್ಷಣ ಮಕ್ಕಳು ಬಾಗಿಲು ಹಾಕಿಕೊಳ್ಳುತ್ತಾರೆ. ಮುಖಕ್ಕೆ ಮುಖ ಕೊಡದೆ ಇರುವ ಹೊತ್ತು ಒಳ್ಳೆಯದು. ಟ್ಯೂಷನ್‌ನಿಂದ ಕರೆತರುವಾಗ ಸ್ಕೂಟರಿನಲ್ಲಿ, ಅವರೆಕಾಳು ಸುಲಿಯುವಾಗ, ರಾತ್ರಿ ಊಟವಾದ ಮೇಲೆ ಒಂದು ಸುತ್ತು ನಡೆಯುವಾಗ. ಮಾತು ತಾನಾಗಿ ಬರಲಿ. ಬಂದಾಗ ನಡುವೆ ಬಾಯಿ ಹಾಕಬೇಡಿ. ಮಾತು ಹೀಗೆ ಸಾಗಬಹುದು:

"ಅಮ್ಮಾ, ನನ್ ಫ್ರೆಂಡ್ಸೆಲ್ಲಾ ಕಮಿಟೆಡ್. ನಾನೊಬ್ಬಳೇ ಹೀಗೆ."

"ಬೇಜಾರಾಗತ್ತೆ ಅಲ್ವಾ ಪುಟ್ಟಾ. ಯಾವಾಗ ಜಾಸ್ತಿ ಅನ್ಸತ್ತೆ?"

"ಲಂಚ್ ಬ್ರೇಕಲ್ಲಿ. ಎಲ್ಲರೂ ಅವರವರ ಪಾಡಿಗೆ ಹೋಗ್ಬಿಡ್ತಾರೆ."

ಆ ಒಂದು ಪ್ರಶ್ನೆ ಮಾಡಿದ ಕೆಲಸ ನೋಡಿ. "ನನಗೆ ಬಾಯ್‌ಫ್ರೆಂಡ್ ಇಲ್ಲ" ಅನ್ನುವುದಕ್ಕೆ ಅಮ್ಮ ಏನೂ ಮಾಡಲಾರಳು. "ಊಟದ ಹೊತ್ತಿನಲ್ಲಿ ಒಬ್ಬಳೇ ಆಗಿಬಿಡುತ್ತೇನೆ" ಅನ್ನುವುದಕ್ಕೆ ದಾರಿಗಳಿವೆ. "ಯಾಕೆ" ಅಂತ ಕೇಳುವುದಕ್ಕಿಂತ "ಯಾವಾಗ", "ಎಲ್ಲಿ", "ಯಾರ ಜೊತೆ ಇದ್ದಾಗ" ಅಂತ ಕೇಳಿ. "ಯಾಕೆ" ಅಂತ ಕೇಳಿದರೆ ಮಗು ತನ್ನಲ್ಲೇ ಕೊರತೆ ಹುಡುಕತೊಡಗುತ್ತದೆ.

ಹೇಳಿದ್ದನ್ನು ಗುಟ್ಟಾಗಿಡಿ. ಅಮ್ಮನಿಗೆ ಹೇಳಿದ್ದು ಮರುದಿನ ಅತ್ತೆಗೆ ಫೋನಿನಲ್ಲಿ ತಲುಪಿದರೆ ಕಥೆ ಮುಗಿಯಿತು. ಅಕ್ಕನೋ ಅಣ್ಣನೋ ಆಗಿದ್ದರೆ, ಪ್ರಾಣಕ್ಕೆ ಅಪಾಯ ಅನ್ನಿಸಿದರೆ ಮಾತ್ರ ದೊಡ್ಡವರಿಗೆ ಹೇಳುತ್ತೇನೆ ಅಂತ ಮೊದಲೇ ತಿಳಿಸಿ, ಆ ಮಾತಿಗೆ ನಿಲ್ಲಿ.

ಹಂತ 3: ಇದು ಯಾವ ಒಂಟಿತನ ಅಂತ ಗುರುತಿಸಿ

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿ ಒಂಟಿತನವನ್ನು ಎರಡಾಗಿ ಬಿಡಿಸಿ ತೋರಿಸಿದರು. ಗುಂಪೇ ಇಲ್ಲದ ಒಂಟಿತನ ಒಂದು. ಗುಂಪಿದ್ದರೂ ಮನಸ್ಸಿಗೆ ಹತ್ತಿರವಾದ ಒಬ್ಬರೂ ಇಲ್ಲದ ಒಂಟಿತನ ಇನ್ನೊಂದು. ಒಂದರ ಔಷಧಿ ಇನ್ನೊಂದಕ್ಕೆ ಹತ್ತುವುದಿಲ್ಲ. ಹತ್ತು ಜನರ ಕ್ರಿಕೆಟ್ ಟೀಮಿನಲ್ಲಿದ್ದೂ ಒಳಗಿನದ್ದನ್ನು ಹೇಳಿಕೊಳ್ಳಲು ಯಾರೂ ಇಲ್ಲದ ಹುಡುಗನಿಗೆ ಇನ್ನೊಂದು ಟೀಮು ಬೇಕಿಲ್ಲ.

ನಮ್ಮ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು.

ಆಪ್ತ ಗೆಳತಿ ಅಥವಾ ಗೆಳೆಯ ಪ್ರೀತಿಯಲ್ಲಿ ಬಿದ್ದು ದೂರವಾಗಿರುವುದು. ಇಲ್ಲಿ ಕಳೆದುಕೊಂಡಿರುವುದು ಸ್ನೇಹವನ್ನು. ಅದನ್ನು ಹಾಗೆಯೇ ಕರೆಯಿರಿ. "ನಿನಗೆ ಅವಳ ನೆನಪಾಗ್ತಿದೆ ಅಲ್ವಾ" ಅಂದರೆ ಎಷ್ಟೋ ಮಕ್ಕಳು ಅತ್ತುಬಿಡುತ್ತಾರೆ.

ಪ್ರಪೋಸ್ ಮಾಡಿ ಬೇಡ ಅನ್ನಿಸಿಕೊಂಡಿರುವುದು. ಇದರ ಬಗ್ಗೆ ಮುಂದೆ ಬೇರೆಯಾಗಿಯೇ ಬರೆದಿದ್ದೇನೆ.

ಊರು ಬಿಟ್ಟು ಹಾಸ್ಟೆಲಿಗೆ ಬಂದಿರುವುದು. ಹತ್ತನೇ ಕ್ಲಾಸಿನವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಎಲ್ಲರಿಗೂ ಬೇಕಾಗಿದ್ದ ಹುಡುಗ, ಮಂಗಳೂರಿನದೋ ಬೆಂಗಳೂರಿನದೋ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಬರುವುದಿಲ್ಲ ಅಂತ ಬಾಯಿ ಮುಚ್ಚಿ ಕೂರುತ್ತಾನೆ. ಅವನು ಸಿಂಗಲ್ ಅಂತ ಹೇಳಿಕೊಂಡರೂ ಅವನಿಗೆ ಬೇಕಿರುವುದು ತನ್ನ ಭಾಷೆಯಲ್ಲಿ ನಗಿಸುವ ಇಬ್ಬರು.

ಬಣ್ಣ, ಮೊಡವೆ, ಎತ್ತರ, ತೂಕ. "ನಾನು ಕಪ್ಪಗಿದ್ದೀನಿ, ಅದಕ್ಕೇ ಯಾರೂ ನೋಡಲ್ಲ." ಈ ಮಾತಿನ ಬೇರು ಬಹಳ ಸಲ ಮನೆಯಲ್ಲೇ ಇದೆ. ಬಿಸಿಲಿಗೆ ಹೋಗಬೇಡ ಕಪ್ಪಾಗ್ತೀಯ ಅಂದವರು, ಅಕ್ಕನ ಬಣ್ಣಕ್ಕೆ ಹೋಲಿಸಿದವರು ನಾವೇ. ಅದನ್ನು ಇಂದೇ ನಿಲ್ಲಿಸಿ. ನೋವು ಕೊಡುವ ಮೊಡವೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅದು ಶೋಕಿ ಅಲ್ಲ, ಚಿಕಿತ್ಸೆ ಇರುವ ತೊಂದರೆ.

ಇನ್ನೊಂದನ್ನು ಮನೆಗಳಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೆಲವು ಹುಡುಗರಿಗೆ ಹುಡುಗರೇ, ಕೆಲವು ಹುಡುಗಿಯರಿಗೆ ಹುಡುಗಿಯರೇ ಇಷ್ಟವಾಗುತ್ತಾರೆ. ಇಡೀ ಕ್ಲಾಸು ಕ್ರಶ್ ಬಗ್ಗೆ ಹರಟುವಾಗ ಆ ಮಗು ಸುಳ್ಳು ಹೇಳಬೇಕು, ಇಲ್ಲವೇ ಸುಮ್ಮನಿರಬೇಕು. ಅದರ ಒಂಟಿತನ ಎಲ್ಲರಿಗಿಂತ ಆಳ. ಸಲಿಂಗ ಪ್ರೀತಿ ಕಾಯಿಲೆಯಲ್ಲ. ವಯಸ್ಕರ ನಡುವಿನ ಅಂಥ ಸಂಬಂಧ ಅಪರಾಧವಲ್ಲ ಅಂತ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟೇ ಹೇಳಿದೆ. ಮಗುವನ್ನು ಒತ್ತಾಯಿಸಿ ಬಾಯಿ ಬಿಡಿಸಬೇಡಿ. ಟಿವಿಯಲ್ಲಿ ಅಂಥವರು ಬಂದಾಗ ನೀವು ಆಡುವ ಮಾತಿನಲ್ಲಿ ಗೌರವ ಇರಲಿ. ಅದನ್ನು ಅವರು ಗಮನಿಸುತ್ತಿರುತ್ತಾರೆ. ನಿಮ್ಮ ಹತ್ತಿರ ಹೇಳಬಹುದೋ ಇಲ್ಲವೋ ಅಂತ ಅದರಲ್ಲೇ ತೀರ್ಮಾನಿಸುತ್ತಾರೆ.

ಹಂತ 4: "ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ" ಅನ್ನುವುದನ್ನು ಮೆಲ್ಲಗೆ ಸಡಿಲಿಸಿ

ಈ ವಯಸ್ಸಿನಲ್ಲಿ ಅರ್ಧ ಸಂಕಟ ಒಂಟಿಯಾಗಿರುವುದಕ್ಕೆ, ಇನ್ನರ್ಧ ಒಂಟಿಯಾಗಿರುವುದು ಎಲ್ಲರಿಗೂ ಕಾಣುತ್ತಿದೆ ಅನ್ನುವುದಕ್ಕೆ. ಇದಕ್ಕೆ ಮಕ್ಕಳಿಗೆ ಹೇಳಬಹುದಾದ ಒಂದು ಒಳ್ಳೆಯ ಪ್ರಯೋಗವಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ತಂಡ 2000ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಹೊರಗೆ ಬಂದ ಮೇಲೆ "ಎಷ್ಟು ಜನ ಗಮನಿಸಿರಬಹುದು?" ಅಂತ ಕೇಳಿದರು. ಸುಮಾರು ಅರ್ಧದಷ್ಟು ಜನ ಅಂದುಕೊಂಡಿದ್ದರು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ.

ಇದನ್ನು ಪಾಠದ ಹಾಗೆ ಒಪ್ಪಿಸಬೇಡಿ. ಕಥೆಯಾಗಿ ಹೇಳಿ ಬಿಟ್ಟುಬಿಡಿ. ಬೇಕಾದರೆ ಕೇಳಿ: "ನಿನ್ನ ಕ್ಲಾಸಲ್ಲಿ ಇವತ್ತು ಯಾರು ಯಾವ ಬಣ್ಣದ ಬ್ಯಾಗ್ ತಂದಿದ್ರು, ನೆನಪಿದೆಯಾ?" ನೆನಪಿರುವುದಿಲ್ಲ. ಅವರಿಗೂ ಇವಳದು ನೆನಪಿರುವುದಿಲ್ಲ ಅನ್ನುವುದು ತಾನಾಗಿ ಹೊಳೆಯುತ್ತದೆ.

ಹಂತ 5: ಫೋನು, ಮುಖ್ಯವಾಗಿ ಫೆಬ್ರವರಿಯ ಆ ಎಂಟು ದಿನ

ಫೆಬ್ರವರಿ 7ರ ರೋಸ್ ಡೇಯಿಂದ 14ರವರೆಗೆ ದಿನಕ್ಕೊಂದು ಹೆಸರು. ಪ್ರಪೋಸ್ ಡೇ, ಚಾಕಲೇಟ್ ಡೇ, ಟೆಡ್ಡಿ ಡೇ. ಸ್ಟೋರಿ ತುಂಬಾ ಕೆಂಪು ಗುಲಾಬಿ. ಸೆಕೆಂಡ್ ಪಿಯು ಮಕ್ಕಳಿಗೆ ಅದರ ಬೆನ್ನಿಗೇ ಪರೀಕ್ಷೆಯ ಭಯವೂ ಇರುತ್ತದೆ. ಒಂಟಿತನ ಕಾಡುವ ಮಕ್ಕಳಿಗೆ ವರ್ಷದಲ್ಲಿ ಇದಕ್ಕಿಂತ ಕಷ್ಟದ ವಾರ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಫೋನ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಉಳಿದ ನಾಲ್ಕು ಸ್ನೇಹಿತರ ಕೊಂಡಿಯೂ ಕಡಿಯುತ್ತದೆ. ಬದಲಿಗೆ ಜೊತೆಗೆ ಕೂತು ಮೂರು ಕೆಲಸ ಮಾಡಿ. ನೋಡಿದಾಗಲೆಲ್ಲ ಹೊಟ್ಟೆ ಕಿವುಚುವ ಖಾತೆಗಳನ್ನು ಮ್ಯೂಟ್ ಮಾಡಲು ಹೇಳಿ. ಮ್ಯೂಟ್ ಮಾಡಿದ್ದು ಎದುರಿನವರಿಗೆ ಗೊತ್ತಾಗುವುದಿಲ್ಲ, ಸ್ನೇಹವೂ ಕೆಡುವುದಿಲ್ಲ. ಮಲಗುವ ಮುಂಚೆ ಮನೆಯವರೆಲ್ಲರ ಫೋನೂ ಹಾಲಿನಲ್ಲಿ ಚಾರ್ಜಿಗೆ ಹೋಗಲಿ, ಅಪ್ಪನದೂ ಸೇರಿ. ಆ ವಾರದ ಒಂದೆರಡು ಸಂಜೆಗಳಿಗೆ ಬೇರೆ ಏನಾದರೂ ಇಟ್ಟುಕೊಳ್ಳಿ. ಅಜ್ಜಿ ಮನೆಗೆ ಹೋಗಿಬನ್ನಿ, ಮಗಳ ಕ್ಲಾಸಿನ ಇಬ್ಬರನ್ನು ಊಟಕ್ಕೆ ಕರೆಯಿರಿ. "ಇವತ್ತು ವ್ಯಾಲೆಂಟೈನ್ಸ್ ಡೇ, ನೀನು ಬೇಜಾರಾಗಬೇಡ ಅಂತ ಇದು" ಅಂತ ಮಾತ್ರ ಹೇಳಬೇಡಿ.

ಹಂತ 6: ಜನ ಸಿಗುವ ಜಾಗಕ್ಕೆ ದಾರಿ ಮಾಡಿಕೊಡಿ

ಇಡೀ ಬರಹದಲ್ಲಿ ನಾನು ಹೆಚ್ಚು ಒತ್ತು ಕೊಡುವ ಹಂತ ಇದು.

"ಹೋಗಿ ಫ್ರೆಂಡ್ಸ್ ಮಾಡ್ಕೋ" ಅಂದರೆ ಸಂಕೋಚದ ಮಗು ಎಲ್ಲಿಗೆ ಹೋಗಬೇಕು? ಎದುರು ನಿಂತು ಮಾತಾಡಿ ಸ್ನೇಹ ಮಾಡುವುದು ಕಷ್ಟ. ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಾ ಸ್ನೇಹವಾಗುವುದು ಸುಲಭ. ಅದಕ್ಕೆ ಜಾಗಕ್ಕೆ ಮೂರು ಗುಣ ಇರಬೇಕು. ಅದೇ ಜನ ವಾರವಾರ ಸಿಗಬೇಕು. ಕೈಗೊಂದು ಕೆಲಸ ಇರಬೇಕು. ಇವನು ಬಾರದಿದ್ದರೆ "ಎಲ್ಲಿ ಇವತ್ತು ಬಂದಿಲ್ಲ?" ಅಂತ ಯಾರಾದರೂ ಕೇಳುವಂತಿರಬೇಕು. ಆ ಕೊನೆಯ ಪ್ರಶ್ನೆಯೇ "ನಾನು ಬೇಕಾದವನು" ಅನ್ನುವ ಅನುಭವ.

ಎನ್‌ಎಸ್‌ಎಸ್ ಘಟಕ ಇರುವ ಕಾಲೇಜಾದರೆ ಅದರ ಏಳು ದಿನಗಳ ವಿಶೇಷ ಶಿಬಿರಕ್ಕೆ ಕಳಿಸಿ. ಬೆಳಿಗ್ಗೆ ಹಳ್ಳಿಯ ರಸ್ತೆ ಗುಡಿಸಿ, ಮಧ್ಯಾಹ್ನ ನೂರು ಜನಕ್ಕೆ ಸಾರು ಬಡಿಸಿ, ರಾತ್ರಿ ಶಾಲೆಯ ಜಗುಲಿಯಲ್ಲಿ ಎಲ್ಲರೂ ಸಾಲಾಗಿ ಮಲಗುವಾಗ ಯಾರು ಸಿಂಗಲ್, ಯಾರು ಕಮಿಟೆಡ್ ಅನ್ನುವುದು ಹಿಂದೆ ಸರಿಯುತ್ತದೆ. ಎನ್‌ಸಿಸಿಯೂ ಒಳ್ಳೆಯದು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಯಕ್ಷಗಾನದ ಹೆಜ್ಜೆ ಕಲಿಸುವ ತರಗತಿಗಳಿವೆ. ಚೆಂಡೆ ಮದ್ದಳೆ ಕಲಿಯುವವರಿಗೆ ಮಾತಾಡುವ ಕಷ್ಟವೂ ಇಲ್ಲ. ಮೈಸೂರು, ಧಾರವಾಡ, ಶಿವಮೊಗ್ಗದಂಥ ಊರುಗಳಲ್ಲಿ ಹವ್ಯಾಸಿ ನಾಟಕ ತಂಡಗಳಿಗೆ ಲೈಟು ಹಿಡಿಯುವ, ಪರದೆ ಕಟ್ಟುವ ಹುಡುಗರು ಯಾವಾಗಲೂ ಬೇಕು. ಹಳ್ಳಿಯಲ್ಲಿ ಕಬಡ್ಡಿ, ವಾಲಿಬಾಲ್ ತಂಡ, ಗಣೇಶನ ಹಬ್ಬದ ಯುವಕ ಸಂಘ. ಓದುವ ಮಗುವಿಗೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸ.

ಹುಡುಗಿಯರ ವಿಷಯದಲ್ಲಿ ಇಲ್ಲಿ ಒಂದು ಅನ್ಯಾಯ ನಡೆಯುತ್ತದೆ. ಹುಡುಗ ಸಂಜೆ ಆಟಕ್ಕೆ ಹೋಗಬಹುದು, ಹುಡುಗಿ ಕಾಲೇಜು ಬಿಟ್ಟ ತಕ್ಷಣ ಮನೆಗೆ ಬರಬೇಕು. ಆಮೇಲೆ ಅವಳು ಸದಾ ಫೋನಿನಲ್ಲಿರುತ್ತಾಳೆ ಅಂತ ನಾವೇ ಬೈಯುತ್ತೇವೆ. ಅವಳಿಗೂ ವಾರದಲ್ಲಿ ಎರಡು ಸಂಜೆ ಹೊರಗಿನ ಜಾಗ ಬೇಕು. ಕರೆದೊಯ್ದು ಕರೆತರುವ ಕೆಲಸ ಮನೆಯವರು ಹೊತ್ತುಕೊಳ್ಳಿ.

ಒಂದು ಜಾಗ ಹಿಡಿಸದಿದ್ದರೆ ಬಿಡಲಿ. ಆದರೆ ಮೊದಲ ದಿನಕ್ಕೇ ಬಿಡುವುದು ಬೇಡ. ಮೂರ್ನಾಲ್ಕು ಸಲ ಹೋಗಿ ಆಮೇಲೆ ತೀರ್ಮಾನಿಸು ಅನ್ನಿ. ಮೊದಲ ದಿನ ಎಲ್ಲ ಕಡೆಯೂ ಪರಕೀಯವಾಗಿಯೇ ಇರುತ್ತದೆ.

ಊಟದ ಹೊತ್ತಿನ ಹುಡುಗಿ ನೆನಪಿದ್ದಾಳಲ್ವಾ? ಅವಳ ಕ್ಲಾಸಿನಲ್ಲಿ ಒಬ್ಬಳೇ ಕೂರುವ ಇನ್ನೊಬ್ಬಳು ಇದ್ದೇ ಇರುತ್ತಾಳೆ. "ನಾಳೆ ಚಿತ್ರಾನ್ನ ಜಾಸ್ತಿ ಹಾಕಿ ಕೊಡ್ತೀನಿ, ಅವಳಿಗೂ ಕೊಡು." ಇಷ್ಟು ಸಣ್ಣ ಹೆಜ್ಜೆ ಸಾಕು. ಮಾತು ಶುರು ಮಾಡಲು ನೆಪ ಬೇಕು, ಆ ನೆಪವನ್ನು ಡಬ್ಬಿಯಲ್ಲಿ ಹಾಕಿ ಕೊಡಬಹುದು.

ಹಂತ 7: ಹುಡುಗ ಹುಡುಗಿ ಸಹಜವಾಗಿ ಮಾತಾಡಲಿ

ಹೈಸ್ಕೂಲಿನಿಂದಲೇ ಹುಡುಗರು ಆ ಕಡೆ, ಹುಡುಗಿಯರು ಈ ಕಡೆ ಅಂತ ಬೆಳೆದ ಮಕ್ಕಳಿಗೆ ಎದುರಿನವರ ಜೊತೆ ಸಾಮಾನ್ಯ ಮಾತೇ ಬರುವುದಿಲ್ಲ. ಹಾಗಾಗಿ ಅವರ ಮನಸ್ಸಿನಲ್ಲಿ ಎರಡೇ ಖಾನೆ: ಅಪರಿಚಿತ, ಇಲ್ಲವೇ ಪ್ರೇಮಿ. ನಡುವೆ ಗೆಳೆಯ ಅನ್ನುವ ದೊಡ್ಡ ಜಾಗ ಖಾಲಿ. ಆ ಜಾಗ ತುಂಬಿದರೆ ಸಿಂಗಲ್ ಅನ್ನುವ ಕೊರಗು ಎಷ್ಟೋ ಕಮ್ಮಿಯಾಗುತ್ತದೆ.

ರೆಕಾರ್ಡ್ ಬರೆಯಲು, ಪ್ರಾಜೆಕ್ಟ್ ಮಾಡಲು ಕ್ಲಾಸಿನವರು, ಹುಡುಗ ಹುಡುಗಿ ಎಲ್ಲರೂ, ನಿಮ್ಮ ಮನೆಯ ಹಾಲಿನಲ್ಲಿ ಸೇರಲಿ. ಮಂಡಕ್ಕಿ ಒಗ್ಗರಣೆ ಕೊಟ್ಟು ನೀವು ಅಡುಗೆಮನೆಗೆ ಹೋಗಿ. ಅವರು ಹೋದ ಮೇಲೆ "ಅವಳ್ಯಾರು? ಯಾವ ಜನ?" ಅಂತ ವಿಚಾರಣೆ ಮಾಡಬೇಡಿ.

ಹಂತ 8: "ಇಲ್ಲ" ಅನ್ನುವುದನ್ನು ಕೇಳಲು, ಹೇಳಲು ಕಲಿಸಿ

ಪ್ರಪೋಸ್ ಮಾಡಿ ಇಲ್ಲ ಅನ್ನಿಸಿಕೊಂಡ ಮಗುವಿಗೆ ಮೊದಲು ಬೇಕಾದದ್ದು ಅಳುವ ಸಮಯ. "ಅವಳಿಗೇನು ಗೊತ್ತು ನಿನ್ನ ಬೆಲೆ" ಅಂತ ಆ ಹುಡುಗಿಯನ್ನು ಬೈದು ಸಮಾಧಾನ ಮಾಡಬೇಡಿ. ಅದು ಸಿಟ್ಟಿಗೆ ದಾರಿ. ಅವಳು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು, ಅದು ಅವಳ ಹಕ್ಕು. ಇವನು ಧೈರ್ಯ ಮಾಡಿ ಕೇಳಿದ, ಅದು ಅವಮಾನವಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಕು.

ನಮ್ಮ ಸಿನಿಮಾಗಳು ಎಷ್ಟೋ ವರ್ಷಗಳಿಂದ ಹಿಂದೆ ಬಿದ್ದು ಒಪ್ಪಿಸುವುದನ್ನೇ ಪ್ರೀತಿ ಅಂತ ತೋರಿಸಿವೆ. ಮನೆಯಲ್ಲಿ ಯಾರಾದರೂ ಗಂಡು ಹಿರಿಯರು, ಅಪ್ಪನೋ ಮಾವನೋ, ಹುಡುಗನಿಗೆ ಸ್ಪಷ್ಟವಾಗಿ ಹೇಳಲಿ: ಒಂದು ಸಲ ಇಲ್ಲ ಅಂದರೆ ಇಲ್ಲ. ಬಸ್ ಸ್ಟಾಪಿನಲ್ಲಿ ಕಾಯುವುದು, ಬೇರೆ ನಂಬರಿನಿಂದ ಮೆಸೇಜ್ ಮಾಡುವುದು, ಕೈ ಕುಯ್ದುಕೊಂಡು ಫೋಟೋ ಕಳಿಸುವುದು, ಇವೆಲ್ಲ ಆ ಹುಡುಗಿಗೆ ಭಯ ಹುಟ್ಟಿಸುತ್ತವೆ. ಕೈ ಕುಯ್ದುಕೊಂಡಿದ್ದರೆ ಮಾತ್ರ ಬೈದು ಬಿಡುವ ವಿಷಯವಲ್ಲ. ನೇರ ಕೊನೆಯ ಹಂತಕ್ಕೆ ಹೋಗಿ.

ಹುಡುಗಿಯರಿಗೆ ಇದರ ಇನ್ನೊಂದು ಬದಿ. "ಯಾರೂ ಇಲ್ಲದಿರುವುದಕ್ಕಿಂತ ಇವನಾದರೂ ಇರಲಿ" ಅಂತ ಇಷ್ಟವಿಲ್ಲದವನಿಗೂ ಹೂಂ ಅಂದುಬಿಡುತ್ತಾರೆ. ಒಂಟಿತನದ ಭಯಕ್ಕೆ ಒಪ್ಪಿಕೊಂಡ ಸಂಬಂಧದಲ್ಲಿ ಪಾಸ್‌ವರ್ಡ್ ಕೇಳುವುದು, ಯಾರ ಜೊತೆಯೂ ಮಾತಾಡಬೇಡ ಅನ್ನುವುದು ಬೇಗ ಶುರುವಾಗಬಹುದು. ಅಮ್ಮನೋ ಅಕ್ಕನೋ ಇದನ್ನು ಮೊದಲೇ ಮಾತಾಡಿರಲಿ.

ಹಂತ 9: ಆನ್‌ಲೈನ್ ಅಪರಿಚಿತರು

ಒಂಟಿ ಮಗು "ನೀನು ತುಂಬಾ ಸ್ಪೆಷಲ್" ಅಂದವರನ್ನು ಬೇಗ ನಂಬುತ್ತದೆ. ಗೇಮಿನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಪರಿಚಯವಾಗಿ, ಫೋಟೋ ಕೇಳಿ, ಆಮೇಲೆ ಅದನ್ನೇ ಇಟ್ಟುಕೊಂಡು ಹೆದರಿಸುವವರಿದ್ದಾರೆ. ಖಾಸಗಿ ಫೋಟೋ ಯಾರಿಗೂ ಕಳಿಸಬೇಡ ಅಂತ ಹೇಳಿ. ಅದರ ಜೊತೆಗೇ, ಅಕಸ್ಮಾತ್ ಕಳಿಸಿದ್ದರೆ ಮೊದಲು ನನಗೇ ಹೇಳು, ಬೈಯಲ್ಲ ಅಂತಲೂ ಹೇಳಿ. ಎರಡನೆಯ ಮಾತು ಹೆಚ್ಚು ಜೀವ ಉಳಿಸುವಂಥದ್ದು.

ಹಾಗೇನಾದರೂ ಆಗಿದ್ದರೆ ದುಡ್ಡು ಕೊಡಬೇಡಿ, ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಸೈಬರ್ ಸಹಾಯವಾಣಿ 1930ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳಿಗೆ ಕಾನೂನೂ ಗೊತ್ತಿರಲಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಜೊತೆಗಿನ ದೈಹಿಕ ಸಂಬಂಧಕ್ಕೆ ಅವರ ಒಪ್ಪಿಗೆ ಇತ್ತು ಅನ್ನುವುದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅಂಥವರ ಅಶ್ಲೀಲ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ, ಕ್ಲಾಸಿನ ಗ್ರೂಪಿನಲ್ಲಿ ತಮಾಷೆಗೆ ಫಾರ್ವರ್ಡ್ ಮಾಡಿದರೂ.

ಹಂತ 10: ಮನೆಯ ಮಾತು ಸಾಲದಿದ್ದಾಗ

ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವಿಡೀ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವಾಗಿದ್ದರೆ, ಕಾಲೇಜಿಗೇ ಹೋಗದಿದ್ದರೆ ತಡ ಮಾಡಬೇಡಿ. ಮೈಮೇಲೆ ಗಾಯದ ಗುರುತು, ಪ್ರೀತಿಯ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು, "ನಾನಿಲ್ಲದಿದ್ದರೆ ಯಾರಿಗೂ ಏನೂ ಆಗಲ್ಲ" ಅನ್ನುವ ಮಾತು ಕಂಡರೆ ಆ ದಿನವೇ ಸಹಾಯ ಬೇಕು. "ಸಾಯಬೇಕು ಅನ್ನಿಸಿದೆಯಾ?" ಅಂತ ನೇರವಾಗಿ, ಶಾಂತವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೊರಗೆ ಬರುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಹೊಲಕ್ಕೆ ಹೊಡೆಯುವ ಔಷಧಿಗೆ ಬೀಗ ಹಾಕಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಕೂಡಲೇ ಅಪಾಯ ಅನ್ನಿಸಿದರೆ 112 ಅಥವಾ 108.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಯುವಜನರ ಜೊತೆ ಆಪ್ತ ಸಮಾಲೋಚನೆಗೆ ಯುವಸ್ಪಂದನ ಕೇಂದ್ರಗಳಿವೆ.

ಮಗು ಬರಲು ಒಪ್ಪದಿದ್ದರೆ 14416ಕ್ಕೆ ನೀವೇ ಕರೆ ಮಾಡಿ. ಮಕ್ಕಳ ಬಗ್ಗೆ ಚಿಂತೆ ಇರುವ ಮನೆಯವರೂ ಅಲ್ಲಿ ಮಾತಾಡಬಹುದು. ಮಗು ಏನು ಹೇಳುತ್ತಿದೆ, ಎಷ್ಟು ದಿನದಿಂದ ಹೀಗಿದೆ, ನಿದ್ದೆ ಊಟ ಹೇಗಿದೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಎತ್ತಿ.